ಪಡೆದವರ ಸಹಿ

ಮುಂಜಾನೆ ಏಳೂ ನಲವತ್ತರ ಮುಂಡರಗಿ ಬಸ್ಸು
ಡಂಬಳ ದಾಟಿ, ಗಾಳಿಗಂಬಗಳ ಸಾಲು ದಾಟಿ
ಗದಗಿನ ನಿಲ್ದಾಣಕ್ಕೆ ಬಂದು ಉಸಿರು ಬಿಟ್ಟಾಗ
ಡ್ರೈವರನ ಸೀಟಿನ ಹಿಂದೆ, ಜಾಕಿನ ಪಕ್ಕ,
ಒಂದು ನೀಲಿ ಡಬ್ಬಿ.
ಒಳಗೆ ಮಂಜುಗಡ್ಡೆ. ನಡುವೆ ಆರು ಸೀಸೆ.
ಸೀಸೆಯೊಳಗೆ ಆರು ಜನರ ಬೆಳಗಿನ ಕೆಮ್ಮು.

ನಾನು ಅದನ್ನು ಪಡೆದವಳು.
ಕ್ಷಯ ಕೇಂದ್ರದ ಹಿಂದಿನ ಕೋಣೆ,
ಕಿಟಕಿಗೆ ಜಾಳಿಗೆ, ಮೂಗು ಬಾಯಿಗೆ ಮುಸುಕು,
ಕೈಯಲ್ಲೊಂದು ಹಾಳೆ. ಅದರಲ್ಲಿ ಮೂರು ಕಾಲಂ:
ಕಳಿಸಿದವರು, ತಂದವರು, ಪಡೆದವರು.
ತಂದವರಿಗೆ ಒಂದು ಬೆರಳಗಲ ಜಾಗ.

ಆಶಾ ಕಾರ್ಯಕರ್ತೆ ನೀಲವ್ವ ಕಮ್ಮಾರ
ಕೋಳಿ ಕೂಗುವ ಮೊದಲೇ ಹಿತ್ತಲ ಬಾಗಿಲಿಗೆ ನಿಂತು
"ಉಗುಳಲ್ರೀ ಯಜಮಾನ್ರ, ಎದಿಯೊಳಗಿಂದ ಬರಬೇಕು,
ಇನ್ನೊಮ್ಮೆ ಕೆಮ್ಮರಿ" ಅಂದದ್ದು
ಆ ಜಾಗದಲ್ಲಿ ಹಿಡಿಯುವುದಿಲ್ಲ.

ಹಾಲಿನ ಸೊಸೈಟಿಯ ಬಸವಣ್ಣೆಪ್ಪ
"ಇದು ಹಾಲಿನ ಲೆಕ್ಕಕ್ಕ ಬರಂಗಿಲ್ಲ, ಒಯ್ಯಿ ತಂಗಿ" ಎಂದು
ಮಂಜು ಒಡೆದು ಕೊಟ್ಟದ್ದು,
ಅಂಚೆಯ ಅಡಿವೆಪ್ಪ ಪತ್ರಗಳನ್ನು ಹಿಂದಕ್ಕೆ ಸರಿಸಿ
ಸೈಕಲ್ಲಿನ ಮುಂದೆ ಡಬ್ಬಿ ಕಟ್ಟಿದ್ದು,
ಕಂಡಕ್ಟರ್ ದಾವಲಸಾಬ ನದಾಫ
ಮೊದಲ ದಿನ ಅದಕ್ಕೆ ಲಗೇಜಿನ ಚೀಟಿ ಹರಿದು,
ಎರಡನೇ ದಿನ ಅರ್ಧ ಟಿಕೆಟ್ ಹರಿದು,
ಮೂರನೇ ದಿನ
"ಇರಲಿ ಬಿಡ್ರಿ, ಇದೂ ಒಂದು ದವಾಖಾನಿ ಪೇಶಂಟು" ಎಂದು
ತನ್ನ ಟಿಫಿನ್ ಡಬ್ಬಿಯನ್ನು ಮೇಲೆ ಇಟ್ಟದ್ದು,
ಅಲ್ಲ, ಹಿಂಗ ಇಡಬ್ಯಾಡ್ರಿ ಎಂದು ನಾನು ಬೈದದ್ದು,
ಯಾವುದೂ ಹಿಡಿಯುವುದಿಲ್ಲ.

ಎರಡು ವರ್ಷ ಬೇಕಾಯಿತು ಆ ಒಡಂಬಡಿಕೆಗೆ.
ನಾಲ್ಕು ಪುಟ, ನಾಲ್ಕು ಮುದ್ರೆ,
ಒಂದು ಮುದ್ರೆ ತಲೆಕೆಳಗು.
ಅಲ್ಲಿತನಕ ಸೀಸೆಗಳು ಬರುತ್ತಿದ್ದವು
ಯಾರದೋ ಕೈಚೀಲದಲ್ಲಿ, ಮೇ ತಿಂಗಳ ಬಿಸಿಲಲ್ಲಿ,
ಮುಚ್ಚಳ ಸಡಿಲಾಗಿ.
ಒಂದರ ಮೇಲೆ ನಾನೇ ಕೆಂಪಿನಲ್ಲಿ ಬರೆದೆ: ತಿರಸ್ಕೃತ, ಮತ್ತೆ ಕಳಿಸಿ.
ಸರಿಯಾದ ಕೆಲಸವೇ, ನಿಯಮವೇ.
ಆ ಹೆಸರಿನ ಸೀಸೆ ಮತ್ತೆ ಬರಲಿಲ್ಲ.

ಮೊನ್ನೆ ಜಿಲ್ಲಾ ಪಂಚಾಯತಿ ಸಭಾಂಗಣದಲ್ಲಿ ಸಮನ್ವಯ ಸಭೆ.
ಗೋಡೆಯ ಮೇಲೆ ಬೆಳಕಿನ ವೃತ್ತಗಳು:
ಆರೋಗ್ಯ, ಅಂಚೆ, ಸಾರಿಗೆ, ಸಹಕಾರ.
ಇದು ನಮ್ಮಿಂದ ಎಂದಿತು ಒಂದು ವೃತ್ತ,
ನಾವಿಲ್ಲದಿದ್ದರೆ ಎಂದಿತು ಇನ್ನೊಂದು.
ಫ್ರಿಜ್ ಕೊಟ್ಟ ಕಂಪನಿಯವರು
ಫೋಟೋದಲ್ಲಿ ತಮ್ಮ ಹೆಸರು ಕಾಣುತ್ತಿಲ್ಲ ಎಂದರು.
ಗಿರಮಿಟ್ಟು ಬಂತು, ಚಾ ಬಂತು.
ವೃತ್ತದಿಂದ ವೃತ್ತಕ್ಕೆ ಹಳದಿ ಬಾಣಗಳಿದ್ದವು.
ಬಾಣಗಳ ಬಗ್ಗೆ ಯಾರೂ ಮಾತಾಡಲಿಲ್ಲ.
ನನಗೆ ಗೊತ್ತು, ಒಂದು ಬಾಣಕ್ಕೆ ಮಂಡಿನೋವು,
ಇನ್ನೊಂದಕ್ಕೆ ಮೂರು ತಿಂಗಳಿಂದ ಪ್ರೋತ್ಸಾಹಧನ ಬಂದಿಲ್ಲ.
ಹೇಳಬೇಕಿತ್ತು. ಕೈ ಎತ್ತಿದೆ.
ಸಮಯ ಆಯಿತು ಎಂದರು.

ಹೊರಗೆ ಬಂದು ಪ್ರೆಸ್ಸಿಗೆ ಹೋದೆ, ಹಾಳೆಗಳು ಮುಗಿದಿದ್ದವು.
ಮಷಿನ್ನಿನ ಸದ್ದಿನ ನಡುವೆ ಕೂಗಿದೆ:
"ತಂದವರು ಅನ್ನೋದನ್ನ ಅಗಲ ಮಾಡ್ರಿ."
"ಎಷ್ಟ ಸಾಲು ಬಿಡ್ಲಿ?"
ಬೆರಳು ಮಡಚಿ ಎಣಿಸತೊಡಗಿದೆ,
ಎಣಿಕೆ ತಪ್ಪಿತು.
"ಹಿಡಿಸಿದಷ್ಟು" ಅಂದೆ.
ಅವನು ನಕ್ಕ, "ಹಂಗಾರ ನನ್ನ ಹೆಸರೂ ಬರಕೋರಿ,
ಈ ಸಲದ್ದಕ್ಕ ದುಡ್ಡು ಬ್ಯಾಡ."

ಇವತ್ತಿನ ಮೂರನೇ ಸೀಸೆ.
ಯಂತ್ರ ಎರಡು ತಾಸು ಗುಂಯ್ಗುಟ್ಟಿ ಹೇಳಿತು: ಇದೆ.
ಫೋನಿನಲ್ಲಿ ನೀಲವ್ವ ಒಂದು ಗಳಿಗೆ ಸುಮ್ಮನಿದ್ದಳು,
ಹಿಂದೆ ಯಾರದೋ ಮಗು ಅಳುತ್ತಿತ್ತು.
"ಆ ಮನೀಗೆ ಫೋನ್ ಹಚ್ಚಬ್ಯಾಡ್ರಿ ಅಕ್ಕಾರ.
ನಾನ ಹೋಗ್ತೀನಿ.
ಗುಳಿಗಿ ಇವತ್ತ ಕಳಸ್ತೀರಿಲ್ಲೋ?"

ಕಳಿಸಿದವರ ಜಾಗದಲ್ಲಿ ಇದೇ ಮೊದಲ ಸಲ
ನನ್ನ ಹೆಸರು ಬರೆದೆ.
ಡಬ್ಬಿಯನ್ನು ಮದ್ದಿನ ನೀರಲ್ಲಿ ತೊಳೆದು
ಬಿಸಿಲಿಗೆ ಬೋರಲು ಹಾಕಿದೆ.
ಎರಡರ ಬಸ್ಸಿಗೆ ಇನ್ನೂ ಹೊತ್ತಿತ್ತು.