ಇನ್ನೂರೈವತ್ತು

ಪಾರ್ಮಾದ ನಾಲ್ಕನೇ ಮಹಡಿಯ ಕಿಟಕಿಯಾಚೆ
ಮಂಜು ಹೊಲಗಳನ್ನು ಒರೆಸಿಹಾಕಿದೆ.
ಮೇಜಿನ ಮೇಲೆ ಕಡತ, ಆರುನೂರ ಹನ್ನೆರಡು ಪುಟ,
ಒಂದು ಚಿಟಿಕೆ ಬಿಳಿಪುಡಿಯ ಜಾತಕ.

ನನ್ನ ಕೆಲಸ ಹೇಳಿಕೊಳ್ಳುವಂಥದ್ದಲ್ಲ.
ಯಾರೋ ಒಂದು ಲವಣ ಮಾಡುತ್ತಾರೆ,
ಮೆಗ್ನೀಸಿಯಮ್ಮಿಗೆ ಯಾವುದೋ ಆಮ್ಲವನ್ನು ಗಂಟುಹಾಕಿ
ಡಬ್ಬಿಯೊಳಗೆ ಸಂಸಾರ ಹೂಡಿಸುತ್ತಾರೆ.
ನಾನು ಕೇಳುತ್ತೇನೆ:
ಹೊಟ್ಟೆಗಿಳಿದ ಮೇಲೆ ಇಬ್ಬರೂ ಬೇರೆಯಾಗುತ್ತಾರಲ್ಲ,
ಆಮೇಲೆ ಅವನೆಲ್ಲಿ, ಅವಳೆಲ್ಲಿ?
ಮೈಗೆ ದಕ್ಕಿದ್ದೆಷ್ಟು, ಮೂತ್ರಕ್ಕೆ ಹೋದದ್ದೆಷ್ಟು,
ದಿಬ್ಬಣದ ಜೊತೆ ನುಸುಳಿದ ಸೀಸವೆಷ್ಟು,
ತೊಂಬತ್ತು ದಿನ ತಿಂದ ಇಲಿಗಳು ಏನೆಂದವು?

ಇಲಿಗಳು ಏನೂ ಅನ್ನುವುದಿಲ್ಲ.
ತೂಕ ಇಳಿದರೆ ಕೋಷ್ಟಕದಲ್ಲಿ ಒಂದು ನಕ್ಷತ್ರಚಿಹ್ನೆ,
ಅಷ್ಟೇ ಅವುಗಳ ಮಾತು.

ಇನ್ನು ಆ ಸಂಖ್ಯೆ.
ದಿನಕ್ಕೆ ಇನ್ನೂರೈವತ್ತು ಮಿಲಿಗ್ರಾಂ,
ಊಟದಲ್ಲಿ ಬರುವುದು ಬೇರೆ, ಇದು ಪುಡಿ-ಮಾತ್ರೆಯ ಲೆಕ್ಕ.
ಡಬ್ಬಿಗಳು ಅದರತ್ತ ಓರೆಗಣ್ಣಿಟ್ಟು ನಡೆಯುತ್ತವೆ,
ಕೆಲವು ತಲೆಬಾಗಿ, ಕೆಲವು ಮೆಲ್ಲಗೆ ದಾಟಿ.
ಎಲ್ಲಿಂದ ಬಂತು ಎಂದು ಹೊಸಬರು ಕೇಳಿದರೆ
ನನಗೆ ಇಂದಿಗೂ ನಗು:
ಯಾರದೋ ಹೊಟ್ಟೆ ಕೆಟ್ಟಲ್ಲಿಂದ.
ಹೆಸರಿಲ್ಲದ ಕೆಲವರು, ಎಂದೋ, ಎಲ್ಲೋ,
ಅಳೆದು ಕೊಟ್ಟ ಲವಣ ನುಂಗಿ
ನಡುರಾತ್ರಿ ಎದ್ದು ಓಡಿದರು,
ಬೆಳಿಗ್ಗೆ ನಾಚಿಕೆ ಬಿಟ್ಟು ವರದಿ ಕೊಟ್ಟರು.
"ಸೌಮ್ಯ, ತಾತ್ಕಾಲಿಕ" ಎಂದು ಬರೆದುಕೊಂಡರು ನನ್ನಂಥವರು.
ರಾಜ್ಯಗಳಿಗೆ ಗಡಿ ನದಿಯಿಂದ, ಬೆಟ್ಟದಿಂದ.
ಈ ಗಡಿ ಮಾತ್ರ ಕಕ್ಕಸಿನ ಬಾಗಿಲಿಂದ.

ಕೆಳಗಿನ ಮನೆಯ ಎರ್ಮೆಸ್ ತಾಲ್ಯಾವೀನಿ
ಲಾಂಗಿರಾನೋದ ಉಗ್ರಾಣಗಳಲ್ಲಿ ನಲವತ್ತೊಂದು ವರ್ಷ
ಉಪ್ಪಿಟ್ಟು ಒಣಗಿಸಿದ ಹಂದಿತೊಡೆ ಪರೀಕ್ಷಿಸಿದವರು.
ಕುದುರೆಮೂಳೆಯ ಸೂಜಿ ಚುಚ್ಚಿ, ಎಳೆದು,
ಮೂಗಿಗೊಡ್ಡಿ, ಒಂದೇ ಉಸಿರು.
ಸರಿ, ಅಥವಾ ಸರಿಯಿಲ್ಲ.
ಕಡತವಿಲ್ಲ, ಅಡಿಟಿಪ್ಪಣಿಯಿಲ್ಲ.
"ಆರುನೂರು ಪುಟ ಯಾಕೆ, ಬ್ರೆಡಾ?
ನಿಮ್ಮ ಕಚೇರಿಗೆ ಮೂಗಿಲ್ಲವೇ?"
ಇದಕ್ಕೆ ವಾಸನೆಯಿಲ್ಲ ಎಂದೆ.
"ವಾಸನೆಯಿಲ್ಲದ್ದನ್ನು ನಂಬಬಾರದು" ಎಂದರು.

ಎಂದವರ ಅಡುಗೆಮನೆಯಲ್ಲೇ
ಕಳೆದ ಭಾನುವಾರ ಕಂಡಿತು ಆ ಡಬ್ಬಿ.
ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದಂತೆ,
ಮಗ್ಗುಲಾದರೆ ಕಲ್ಲಾಗುತ್ತದಂತೆ.
ಒಳಗಿದ್ದ ಪುಟ್ಟ ಚಮಚ ಕಳೆದುಹೋಗಿದೆ.
ಹಾಗಾಗಿ ಸೂಪಿನ ಚಮಚ, ಗೋಪುರ ತುಂಬಿ, ಎರಡು ಸಲ.
"ಒಳ್ಳೆಯದು ಎಷ್ಟಾದರೂ ಒಳ್ಳೆಯದೇ."
ಫ್ರಿಜ್ಜಿನ ಬಾಗಿಲಿಗೆ ಆಯಸ್ಕಾಂತ ಕಚ್ಚಿಹಿಡಿದ
ರಕ್ತಪರೀಕ್ಷೆಯ ಚೀಟಿ. ಕ್ರಿಯಾಟಿನಿನ್ ಕೆಳಗೆ
ವೈದ್ಯೆ ಎರಡು ಗೆರೆ ಎಳೆದಿದ್ದಾಳೆ.

ನನ್ನ ಗಂಟಲು ಒಣಗಿತು.
ಡಬ್ಬಿ ತಿರುಗಿಸಿದೆ. ಇರಲೇಬೇಕಾದ ವಾಕ್ಯ ಇತ್ತು,
ಇರುವೆ ಗಾತ್ರದ ಅಕ್ಷರದಲ್ಲಿ:
ಮೂತ್ರಪಿಂಡದ ತೊಂದರೆಯಿದ್ದವರು...
ಉಳಿದದ್ದರ ಮೇಲೆ ಅಂಗಡಿಯ ಬೆಲೆಚೀಟಿ.

ಉಪ್ಪು ತಿಂದವರು ನೀರು ಕುಡಿಯಲೇಬೇಕು.
ಕುಡಿದ ಮೇಲಿನ ಲೆಕ್ಕವನ್ನು
ಬೆನ್ನಿಗಂಟಿ ಕೂತ ಎರಡು ಅವರೆಕಾಳು
ರಾತ್ರಿಯೆಲ್ಲ ಚುಕ್ತಾ ಮಾಡಬೇಕು.
ಅವೇ ನಿಯಂತ್ರಕರು, ನಾವು ಬರೀ ಗುಮಾಸ್ತರು.
ಅವು ದಣಿದ ಮೈಯಲ್ಲಿ
ನನ್ನ ಇನ್ನೂರೈವತ್ತೂ ಯಾರದೋ ವಿಳಾಸ.

ಎರ್ಮೆಸ್ ಕನ್ನಡಕ ಹುಡುಕಲಿಲ್ಲ.
ಗೋಡೆಯ ಮೊಳೆಯಿಂದ ಹಳೇ ಮೂಳೆಸೂಜಿ ತೆಗೆದುಕೊಟ್ಟರು.
ಅದರ ತುದಿಯಿಂದಲೇ ಬೆಲೆಚೀಟಿ ಎಬ್ಬಿಸಿ
ಗಟ್ಟಿಯಾಗಿ ಓದಿದೆ,
ನನ್ನ ಸ್ಲೊವೇನಿಯಾದ ನಾಲಗೆಯಲ್ಲಿ ಅವರ ಇಟಾಲಿಯನ್ನು ಎಡವುತ್ತ.
ಅವರು ಸೂಜಿ ವಾಪಸು ಪಡೆದು, ಅಭ್ಯಾಸಬಲಕ್ಕೆ,
ಮೂಗಿನ ಬಳಿ ಹಿಡಿದರು.
ಬಹಳ ಹೊತ್ತು.

ಇಂದು ಸೋಮವಾರ. ಪುಟ ನಾನೂರ ಮೂರು.
ಅರ್ಜಿದಾರರಿಗೆ ಪ್ರಶ್ನೆ, ಕ್ರಮಾಂಕ ಹದಿನೇಳು:
ಚಮಚ ಕಳೆದುಹೋದರೆ?
ಮೇಲಿನವರು ಹೊಡೆದುಹಾಕುತ್ತಾರೆ, ಗೊತ್ತು.
ಆದರೂ ಟೈಪು ಮಾಡಿದ್ದೇನೆ.