ಪುಕ್ಕಟೆ

ಮೊದಲು ಹೆಬ್ಬೆರಳಿಂದ ಉಜ್ಜು, ಬಿಸಿಯಾಗುವಷ್ಟು.
ಈಗ ಮೂಸು.
ಕರ್ಪೂರ ಬಂತೆ? ಹಾಗಾದರೆ ಅಸಲಿ.
ಬಾರದಿದ್ದರೆ ಮೊನ್ನೆ ಮೊನ್ನೆಯ ಪ್ಲಾಸ್ಟಿಕ್ಕು;
ಪಕ್ಕದ ಮೇಜಿನ ಡೆಲ್ಬರ್ಟ್ ಅದಕ್ಕೂ ನಲವತ್ತು ಡಾಲರ್ ಹೇಳುತ್ತಾನೆ,
ರೆಪ್ಪೆ ಮಿಟುಕಿಸದೆ.

ಬೆಂಕಿಯ ಹತ್ತಿರ ಮಾತ್ರ ಒಯ್ಯಬೇಡ.
ಹತ್ತಿ, ಆಮ್ಲ, ಕರ್ಪೂರ, ಇಷ್ಟೇ ಇದರ ಜಾತಕ.
ದಂತದ ವೇಷ ತೊಟ್ಟು
ಓಹಾಯೋದ ಅಡುಗೆಮನೆಗಳಿಗೆ ಬಂದ ಬಡವ,
ಒಮ್ಮೆ ಹತ್ತಿಕೊಂಡರೆ
ಯಾರ ಮಾತೂ ಕೇಳುವುದಿಲ್ಲ.

ಚಳಿಯೆ? ಈ ಜಿಮ್ನೇಷಿಯಮ್ಮಿನ ಹೀಟರು
ಮಕ್ಕಳು ಓಡಾಡಲೆಂದು ಇಟ್ಟದ್ದು,
ಕುಳಿತು ಮಾರುವವರಿಗಲ್ಲ.
ಬಾ, ಹೂಪಿನ ಕೆಳಗೆ ಬಾ, ಬೆಳಕಿದೆ.

ಈ ಹಂದಿಯ ಬಾಲ ಎಳೆ.
ಬಂತಲ್ಲ, ಮೂರಡಿ ಟೇಪು!
ಕಟುಕ ಟ್ರಾಕ್ಸೆಲ್ ಕ್ರಿಸ್‌ಮಸ್ಸಿಗೆ ಹಂಚಿದ್ದು.
ಹೊಟ್ಟೆ ಒತ್ತಿದರೆ ಒಳಗೋಡಬೇಕು,
ನಲವತ್ತೇಳರ ಪ್ರವಾಹದಲ್ಲಿ ಸ್ಪ್ರಿಂಗು ತುಕ್ಕಾಯಿತಂತೆ,
ಈಗ ಕೈಯಿಂದಲೇ ತುರುಕಬೇಕು ಕರುಳನ್ನು.

ಇದು ಹೆಣದಪೆಟ್ಟಿಗೆಯವನ ಕನ್ನಡಿ.
ಅಂಚಿನಲ್ಲಿ ಓದು: ಹಗಲೂ ರಾತ್ರಿ ಸೇವೆ, ಫೋನು ಹದಿನೇಳು.
ನಾಟ್ಯಕ್ಕೆ ಹೊರಟ ಹುಡುಗಿಯರು
ಇದನ್ನೇ ಹಿಡಿದು ತುಟಿಗೆ ಬಣ್ಣ ಹಚ್ಚಿದರು.
ಹೆಸರು ಅಂಗೈಯಲ್ಲಿ ಅಡಗಿತ್ತು,
ಮುಖ ಮುಖದಷ್ಟಕ್ಕಿತ್ತು.
ದಾನದ ಹಸುವಿನ ಹಲ್ಲನ್ನು ಯಾರು ಎಣಿಸುತ್ತಾರೆ?

ಅದನ್ನು ಮುಟ್ಟಬೇಡ.
ಮುಟ್ಟು, ಆದರೆ ಕೇಳಬೇಡ. ಮಾರುವುದಿಲ್ಲ.
ಹಿಟ್ಟಿನ ಮಿಲ್ಲಿನವರು ಕೊಟ್ಟ ಟೇಪು, ಸಾಧಾರಣ,
ಪೂರ್ತಿ ಎಳೆದು ನೋಡು:
ನೀಲಿ ಶಾಯಿಯ ಚುಕ್ಕೆ ಇಪ್ಪತ್ತಾರಕ್ಕೆ,
ಇಪ್ಪತ್ತೆಂಟೂವರೆಗೆ, ಮೂವತ್ತೊಂದಕ್ಕೆ,
ಮೂವತ್ತೈದಕ್ಕೆ,
ಆಮೇಲೆ ಮತ್ತೆ ಇಪ್ಪತ್ತಾರರ ಪಕ್ಕ ಇನ್ನೊಂದು, ಒತ್ತಿ ಇಟ್ಟದ್ದು.
ಬಸಿರು, ಎನ್ನುತ್ತೇನೆ ನಾನು.
ಮೇಳಕ್ಕೆ ಬೆಳೆಸಿದ ಕುಂಬಳಕಾಯಿ, ಎನ್ನುತ್ತಾಳೆ ನನ್ನ ಗೆಳತಿ ಒರ್ಫಾ.
ಕುಂಬಳಕಾಯಿ ಇಳಿಯುತ್ತದೆಯೆ, ಒರ್ಫಾ?
ಅವಳು ಕಾಫಿ ಕುಡಿಯುತ್ತಾಳೆ.

ಮೂವತ್ತೊಂದು ವರ್ಷ ಶಾಲಾಬಸ್ಸು ಓಡಿಸಿದವಳು ನಾನು.
ಹಿಂಬದಿ ಕನ್ನಡಿಯಲ್ಲೇ
ಊರಿನ ಎರಡು ತಲೆಮಾರು ಬೆಳೆಯುವುದನ್ನು ಕಂಡೆ.
ನಿವೃತ್ತಿಯಾದಾಗ ಇನ್ನೂರ ಹನ್ನೆರಡು ಜೇಬುಗನ್ನಡಿಗಳಿದ್ದವು.
ಧೂಳು ಸೋಕಬಾರದು, ಗಾಳಿ ಸೋಕಬಾರದು ಎಂದು
ಬಿಸ್ಕತ್ತಿನ ಡಬ್ಬಿಗಳಲ್ಲಿ ಒತ್ತೊತ್ತಾಗಿ ಮಲಗಿಸಿ
ಮುಚ್ಚಳಕ್ಕೆ ಟೇಪು ಸುತ್ತಿದೆ,
ಕೂಸಿಗೆ ಕುಲಾವಿ ಕಟ್ಟಿದಂತೆ.

ಮೂರು ಚಳಿಗಾಲ ಕಳೆದು ತೆರೆದರೆ
ಕಣ್ಣಿಗೆ ಚುರ್ರೆನ್ನುವ ಘಾಟು.
ಯಾವುದೋ ಒಂದು ಮೊದಲು ಬೆವರಿತ್ತು,
ಅದರ ಉಸಿರು ಪಕ್ಕದ್ದಕ್ಕೆ, ಪಕ್ಕದ್ದರಿಂದ ಆಚೆಗೆ.
ಐಸ್‌ಕ್ರೀಮ್ ಕಂಪನಿಯ ಹುಡುಗಿಯ ಕೆನ್ನೆ ಬೊಕ್ಕೆಯೆದ್ದಿತ್ತು,
ಅಂಚಿನ ತಗಡು ಹಸಿರಾಗಿ ಕೀವಿಟ್ಟಿತ್ತು.
ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಸರಿ.
ಅಂಗೈಯ ಕನ್ನಡಿಗೇ ಹುಣ್ಣಾದರೆ
ಎಲ್ಲಿ ಹಿಡಿದು ನೋಡುವುದು?

ತಿಳಿದವನೊಬ್ಬ ಆಮೇಲೆ ಹೇಳಿದ:
ಇವಕ್ಕೆ ಗಾಳಿ ಬೇಕು.
ಮುಚ್ಚಿಟ್ಟರೆ ತಮ್ಮ ಹಬೆಯಲ್ಲಿ ತಾವೇ ಬೇಯುತ್ತವೆ.
ಅಷ್ಟೆ. ಬ್ಯಾಗಿನಿಂದ ದಿನಕ್ಕೆ ಹತ್ತು ಸಲ ಹೊರಬಂದು
ಬೆವರಿದ ಕೈಗಳಲ್ಲಿ ತೊಂಬತ್ತು ವರ್ಷ ಬಾಳಿದ್ದವು,
ನನ್ನ ಜೋಪಾನದಲ್ಲಿ ಮೂರು.

ಉಳಿದವು ಎಂಬತ್ತನಾಲ್ಕು. ಇಲ್ಲಿವೆ, ಬಯಲಿಗೆ.

ಅದು ಬೇಕೆ, ಕಲ್ಲಿದ್ದಲು ವ್ಯಾಪಾರಿಯದು?
ಹದಿನೆಂಟು ಡಾಲರು.
ಹೌದು, ಪುಕ್ಕಟೆ ಅಂತಲೇ ಬರೆದಿದೆ ಅದರ ಮೇಲೆ,
ಬರೆಸಿದವನು ಸತ್ತು ಎಷ್ಟೋ ಕಾಲವಾಯಿತು, ನನಗೆ ಕರೆಂಟ್ ಬಿಲ್ಲಿದೆ.
ಡಬ್ಬಿಯಲ್ಲಿ ಇಡಬೇಡ ಅಷ್ಟೆ. ಜೇಬಿನಲ್ಲಿಡು.
ಗೀರು ಬೀಳಲಿ.

ಬೇಡವೆ? ಇರಲಿ.
ಹೋಗುವಾಗ ಹೆಬ್ಬೆರಳು ಮೂಸಿಕೋ.
ಸೇತುವೆ ದಾಟುವವರೆಗಾದರೂ ಇರುತ್ತದೆ,
ಅದಕ್ಕೆ ದುಡ್ಡಿಲ್ಲ.