ಏಳನೆಯ ಮುಷ್ಟಿ

ಕಂಪೆನಿಗೆ ಹೇಳಿದರೆ ಪೊಲೀಸು, ಪೊಲೀಸೆಂದರೆ ಅರಬಿಯಲ್ಲಿ ಕಾಗದ,
ಕಾಗದವೆಂದರೆ ಊರಿಗೆ ಒಂದೇ ದಾರಿಯ ಟಿಕೇಟು.
ಅದಕ್ಕೇ ನಮ್ಮೊಳಗೇ ಮುಗಿಸುವ ಎಂದರು ಪೊಡಿಯಬ್ಬ.
ಸೊಹಾರಿನ ಫಲಜ್ ಕ್ಯಾಂಪು, ರೂಮು ನಂಬರು ಹನ್ನೊಂದು,
ಶುಕ್ರವಾರ, ನಮಾಜು ಮುಗಿದ ಮೇಲೆ.

ಏಳು ಮಂದಿ ಕೆಳಗಿನ ಮಂಚಗಳಲ್ಲಿ, ಮೊಣಕಾಲಿಗೆ ಮೊಣಕಾಲು.
ಎ.ಸಿ.ಯ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು.
ಹೋದದ್ದು ಚೀಟಿಯ ಹಣ, ಇನ್ನೂರ ಹನ್ನೆರಡು ರಿಯಾಲು.
ಹೆಸರು ಬಂದದ್ದು ಹೊನ್ನಯ್ಯನದು:
ಬೀಗದ ಕೈ ಎಲ್ಲಿರುತ್ತದೆಂದು ಬಲ್ಲವರು ಇಬ್ಬರೇ,
ಇನ್ನೊಬ್ಬರು ಪೊಡಿಯಬ್ಬ, ಅವರು ಹಾಜಿ.

ಆ ವಾರದ ಅಡಿಗೆಯ ಪಾಳಿ ಹೊನ್ನಯ್ಯನದೇ.
ತನ್ನ ತೀರ್ಪಿಗೆ ಕೂತವರಿಗೆ ತಾನೇ ಬಡಿಸಿದ,
ಕೋಳಿ ಸಾರು, ಕುಚ್ಚಲಕ್ಕಿ ಅನ್ನ.
"ಉಪ್ಪು ಸರಿ ಉಂಟಾ?" ಕೇಳಿದ.
ಸರಿ ಇತ್ತು. ಯಾರೂ ಹೇಳಲಿಲ್ಲ.

ಮಾತಾಡಿದೆವು. ಅಂದರೆ, ಲಿಗೋರಿ ಮಾತಾಡಿದ.
ಹೋದ ತಿಂಗಳು ಮನೆಗೆ ಜಾಸ್ತಿ ಕಳಿಸಿದ್ದನಂತೆ.
ಕಾಲಲ್ಲಿ ಹೊಸ ಚಪ್ಪಲಿಯಂತೆ.
ಸಿಂದಗಿಯ ಬಸಲಿಂಗ ಇಷ್ಟೇ ಅಂದ:
"ಕಣ್ಣಿಲೆ ನೋಡಿದವ್ರು ಯಾರರ ಅದೀರೇನ್ರಿ?"
ಬಕೆಟ್ಟು ತುಂಬಿತ್ತು. ಯಾರೋ ಎದ್ದು ಚೆಲ್ಲಿ ಬಂದರು.

ನಾನು ನೋಡಿದ್ದೆ.
ಆ ರಾತ್ರಿ ಎರಡು ಗಂಟೆಗೆ, ಮೊಬೈಲಿನ ಬೆಳಕಿನಲ್ಲಿ,
ಹೊನ್ನಯ್ಯ ಹಳೆ ಚಪ್ಪಲಿಗೆ ಹೊಸ ಬಾರು ಹೊಲಿಯುತ್ತಿದ್ದ,
ಹಲ್ಲಲ್ಲಿ ದಾರ ಕಚ್ಚಿ.
ಹೇಳಬಹುದಿತ್ತು. ಹೇಳಿದರೆ ಕೇಳುತ್ತಿದ್ದರು:
ನೀನ್ಯಾಕೆ ಎದ್ದಿದ್ದೆ?
ನಾನು ಎದ್ದದ್ದು ಮಗಳ ನರ್ಸಿಂಗ್ ಫೀಸಿಗೆ.
ಪೆಟ್ಟಿಗೆಯ ಬೀಗ ಹಿಡಿದು ನೋಡಿದ್ದೆ, ತಣ್ಣಗಿತ್ತು,
ಬಿಟ್ಟಿದ್ದೆ.
ಬಿಟ್ಟೆ ಅನ್ನುವುದಕ್ಕೆ ಸಾಕ್ಷಿ ನಾನೊಬ್ಬನೇ.

ಹಾಲಿನಪುಡಿಯ ಖಾಲಿ ಡಬ್ಬ. ಮೇಲೊಂದು ಬೈರಾಸು.
ತಲೆಗೊಂದು ಖರ್ಜೂರದ ಬೀಜ, ಒಂದು ಕಡಲೆ ಕಾಳು.
ಬೀಜ ಹಾಕಿದರೆ ತೆಗೆದಿದ್ದಾನೆ, ಕಡಲೆಯಾದರೆ ಇಲ್ಲ.
ಮುಷ್ಟಿ ಒಳಗೆ, ಮುಷ್ಟಿ ಹೊರಗೆ,
ಎರಡರ ಮಗ್ಗಿ ಹೇಳುವಷ್ಟು ಹೊತ್ತು.

ಚಾಪೆಯ ಮೇಲೆ ಸುರಿದರು.
ಬೀಜ ಐದು. ಕಡಲೆ ಒಂದು.
ಪೊಡಿಯಬ್ಬ ಡಬ್ಬದ ತಳ ಬಡಿದರು, ಮತ್ತೊಮ್ಮೆ ಬಡಿದರು,
ತಲೆ ಎಣಿಸಿದರು, ಏಳು.
"ಐದಂತೂ ಆಯ್ತಲ್ಲ, ಬಿಡಿ," ಅಂದ ಲಿಗೋರಿ.

ಹೊನ್ನಯ್ಯ ಬಾಗಿಲಲ್ಲಿ ನಿಂತು ಪಾತ್ರೆ ಒರೆಸುತ್ತಿದ್ದ.
ಐದನ್ನು ನೋಡಲಿಲ್ಲ. ಒಂದನ್ನು ನೋಡಿದ.
"ಒಬ್ಬರಾದರೂ ಉಂಟಲ್ಲ," ಅಂದ.
ಯಾರೆಂದು ತಿಳಿಯದೆ, ಸಾಲಾಗಿ
ಏಳೂ ಮಂದಿಗೆ ತಲೆ ಬಾಗಿಸಿದ.
ನನ್ನ ಮುಂದೆಯೂ, ಅಷ್ಟೇ ಬಗ್ಗಿ.

ಹತ್ತೊಂಬತ್ತನೇ ರೂಮು. ಬೇರೆ ಒಲೆ.
ತಿಂಗಳಿಗೆ ಇಪ್ಪತ್ತು ರಿಯಾಲು, ತೀರುವ ತನಕ.

ಮರುವಾರ ಬಟ್ಟೆ ಒಗೆದಾಗ
ಪ್ಯಾಂಟಿನ ಜೇಬಿನಲ್ಲಿ ಸಿಕ್ಕವು ಎರಡೂ.
ಬೀಜ ಇದ್ದ ಹಾಗೇ ಇತ್ತು.
ಕಡಲೆ ಉಬ್ಬಿ, ಸಿಪ್ಪೆ ಬಿರಿದು, ಬೆರಳಿಗೆ ಮೆತ್ತಗೆ.

ಸಂಜೆ ಬಸ್ಸಿಳಿದು ಗೇಟಿನ ಹತ್ತಿರ ಸಿಕ್ಕರೆ
ಈಗಲೂ ಕೇಳುತ್ತಾನೆ, "ಇವತ್ತು ಯಾರ ಪಾಳಿ?"
ನನ್ನದು, ಅಂದೆ ನಿನ್ನೆ.
ಹೆಲ್ಮೆಟ್ಟು ತೆಗೆದು ಬೆವರು ಒರೆಸಿಕೊಂಡ.
"ಉಪ್ಪು ನೋಡಿ ಹಾಕು," ಅಂದ.